ಕಾರ್ನ್ ಸ್ನೇಕ್ ಮೊಟ್ಟೆಗಳಿಗೆ ಕಾವು ಕೊಡುವ ಬಗೆ

ಹಾವು ಸಾಕಲು ಕಾನೂನು ಒಪ್ಪುವ ಕಡೆ ಮರಿ ಮಾಡಿಸಲು ಕಾರ್ನ್ ಸ್ನೇಕ್‌ನಷ್ಟು (ಅಮೆರಿಕದ ವಿಷವಿಲ್ಲದ ಹಾವು) ಸಾಧುವಾದ ಜಾತಿ ಕಡಿಮೆ. ಹೆಣ್ಣಿಗೆ 3 ವರ್ಷ ತುಂಬಿ, ತೂಕ 300 ಗ್ರಾಂ ದಾಟುವವರೆಗೆ ಜೋಡಿ ಮಾಡಲೇಬೇಡಿ. ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೇ ಕುತ್ತು ಬರುತ್ತದೆ.

ವರ್ಮಿಕ್ಯುಲೈಟ್‌ಗೆ (ತೇವ ಹಿಡಿದಿಡುವ ಹಗುರವಾದ ಖನಿಜದ ಹರಳು) ಅದರ ತೂಕದಷ್ಟೇ ನೀರು ಬೆರೆಸಿ. ಹಿಂಡಿದರೆ ಮುದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಮುಚ್ಚಳದ ಡಬ್ಬಿಯಲ್ಲಿ ಮೊಟ್ಟೆಗಳನ್ನು ಅರ್ಧ ಹೂತು 27–28 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಹೊರಳಿಸಬಾರದು: ಭ್ರೂಣ ಮೇಲ್ಭಾಗದ ಸಿಪ್ಪೆಗೆ ಅಂಟಿರುತ್ತದೆ, ತಿರುವಿದರೆ ಸಾಯಬಹುದು. ಪೆನ್ಸಿಲ್‌ನಿಂದ ಮೇಲ್ಬದಿ ಗುರುತಿಸಿ. ಒಂದಕ್ಕೊಂದು ಅಂಟಿದ್ದರೆ ಬಿಡಿಸಬೇಡಿ.

ಮೊದಲ ವಾರಗಳಲ್ಲೇ ಮೊಟ್ಟೆಯಲ್ಲಿ ಗುಳಿ ಬಿದ್ದರೆ ಸಾಮಾನ್ಯವಾಗಿ ತೇವ ಸಾಲದೆಂದು ಅರ್ಥ. ಮೊಟ್ಟೆಗೆ ತಾಗದಂತೆ ಡಬ್ಬಿಯ ಅಂಚಿನಲ್ಲಿ ಉಗುರುಬೆಚ್ಚನೆ ನೀರು ಹನಿಸಿ. 55–65ನೇ ದಿನದ ಹೊತ್ತಿಗೆ ಬೀಳುವ ಗುಳಿ ಮಾತ್ರ ಸಹಜ. ಮರಿ ಸಿಪ್ಪೆ ಸೀಳಿ, ಮೂತಿಯಷ್ಟೇ ಹೊರಚಾಚಿ ಒಂದೆರಡು ದಿನ ಹಾಗೇ ಇರುತ್ತದೆ. ಎಳೆಯಬೇಡಿ, ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಭಾಗ ಇನ್ನೂ ಸೇರುತ್ತಿರುತ್ತದೆ.