ಶಿಕ್ಷೆಯ ಪುಸ್ತಕ ತರಿಸಿದ ಮೇಲೆ

ಗೆರೆ ಹಾಕಿದ ಅರ್ಧ ಹಾಳೆಯಲ್ಲಿ ಬರೆದ ಆ ಪತ್ರ, ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿ ನನ್ನ ಹೆಸರಿದ್ದ ಕಾರಣಕ್ಕೆ ನನ್ನ ಮೇಜಿಗೆ ಬಂದಿತ್ತು. ಬರೆದವನು 10 ವರ್ಷಗಳ ಶಿಕ್ಷೆಯಲ್ಲಿದ್ದ ಕೈದಿ. ಬ್ಯಾರಕ್ಕಿನಲ್ಲಿ ಮೊಬೈಲ್ ಸಿಕ್ಕಿತಂತೆ. ತನ್ನದಲ್ಲವೆಂದರೂ ಕೇಳದೆ 10 ದಿನ ಒಂಟಿ ಕೋಣೆಗೆ ಹಾಕಿ, 90 ದಿನಗಳ ಮಾಫಿಯನ್ನೂ (ಶಿಕ್ಷೆಯ ಅವಧಿಯಲ್ಲಿ ಸಿಗುವ ವಿನಾಯಿತಿ) ಕಡಿದಿದ್ದರಂತೆ.

ಇಂಥದೇ ಒಂದು ಪ್ರಕರಣವನ್ನು ನಾನು ಹಿಂದೆ ಸೋತಿದ್ದೆ. ಫೋನ್ ಯಾರ ಹಾಸಿಗೆಯಡಿ ಇತ್ತು, ಪಕ್ಕದಲ್ಲಿ ಯಾರು ಮಲಗಿದ್ದರು ಎಂದು ಮುಕ್ಕಾಲು ಗಂಟೆ ವಾದಿಸಿದ್ದೆ. ನ್ಯಾಯಮೂರ್ತಿಗಳು ತಾಳ್ಮೆಯಿಂದ ಕೇಳಿ, "ನಾವಿಲ್ಲಿ ಮೇಲ್ಮನವಿ ಕೇಳುತ್ತಿದ್ದೇವೆಯೇ?" ಎಂದಷ್ಟೇ ಅಂದರು. ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿಯಲ್ಲಿ ಹೈಕೋರ್ಟು ಸಾಕ್ಷ್ಯವನ್ನು ತೂಗಲು ಹೋಗುವುದಿಲ್ಲ. ತೀರ್ಮಾನಕ್ಕೆ ಬಂದ ದಾರಿಯನ್ನು ನೋಡುತ್ತದೆ. ಓದುವಾಗಲೇ ಕಲಿತಿದ್ದ ಪಾಠ, ತಲೆಗೆ ಇಳಿದದ್ದು ಸೋತ ಮೇಲೆ.

ಹಾಗಾಗಿ ಈ ಸಲ ಕಥೆ ಬಿಟ್ಟು ಕಾಗದಗಳ ಹಿಂದೆ ಬಿದ್ದೆ. ವಕಾಲತ್ತಿಗೆ ಜೈಲಿನೊಳಗಿನಿಂದ ಒಂದು ಸಹಿ ತರಿಸಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಮಾಹಿತಿ ಹಕ್ಕಿನಡಿ ಶೋಧದ ಮಹಜರು, ಕೈದಿಯ ಜೈಲುವಾಸದ ದಾಖಲೆಯಾದ ಹಿಸ್ಟರಿ ಟಿಕೆಟ್, ವೈದ್ಯರ ಪ್ರಮಾಣಪತ್ರ, ಜೈಲಿನೊಳಗೆ ಕೊಟ್ಟ ಶಿಕ್ಷೆಗಳನ್ನು ಬರೆದಿಡುವ ಶಿಕ್ಷೆಯ ಪುಸ್ತಕದ ಪುಟ ಇವುಗಳ ನಕಲು ಕೇಳಿದ್ದೆ. ಜೊತೆಗೆ ಸೆಷನ್ಸ್ ನ್ಯಾಯಾಧೀಶರಿಗೆ ಬರೆದ ಪತ್ರ ಏನಾದರೂ ಇದ್ದರೆ ಅದನ್ನೂ.

ಕೊನೆಯ ಆ ಕಾಗದದ ಮೇಲೆಯೇ ನನ್ನ ಕಣ್ಣಿತ್ತು. 1979ರ ಡಿಸೆಂಬರಿನಲ್ಲಿ ಕೈದಿ ಸುನಿಲ್ ಬಾತ್ರಾ ಅವರ ಎರಡನೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಕಟ್ಟು ಹಾಕಿತು. ಒಂಟಿ ಕೋಣೆ, ಸೌಲಭ್ಯಗಳ ಕಡಿತ, ಶಿಕ್ಷೆಯ ರೂಪದ ವರ್ಗಾವಣೆ ಇವ್ಯಾವುದೂ ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ಆಗಕೂಡದು; ತುರ್ತಿದ್ದರೆ, ಕ್ರಮ ಕೈಗೊಂಡ ಎರಡು ದಿನಗಳೊಳಗೆ ಅವರಿಗೆ ತಿಳಿಸಬೇಕು. ಆ ಪ್ರಕರಣ ಹುಟ್ಟಿದ್ದೂ ತಿಹಾರ್ ಜೈಲಿನಿಂದ ಬಂದ ಒಂದು ಪತ್ರದಿಂದಲೇ. ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ವತಃ 1948ರಲ್ಲಿ ಜೈಲು ಕಂಡವರು. ಅದಕ್ಕೇ ಇರಬೇಕು, ಬೀಗದ ಆಚೆ ಏನು ನಡೆಯುತ್ತದೆಂಬ ಬಗ್ಗೆ ಅವರಿಗೆ ಭ್ರಮೆಗಳಿರಲಿಲ್ಲ.

28ನೇ ದಿನ ನಕಲುಗಳು ಬಂದವು. ಪತ್ರವೇನೋ ಇತ್ತು, ಶಿಕ್ಷೆಯಾಗಿ 19 ದಿನಗಳ ನಂತರ, "ಮಾಹಿತಿಗಾಗಿ" ಎಂಬ ಒಂದೇ ಸಾಲಿನಲ್ಲಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಕ್ಷೆಯ ಪುಸ್ತಕ. ಗಂಭೀರ ಅಪರಾಧವಾದರೆ ಸಾಕ್ಷಿಗಳ ಹೆಸರನ್ನು, ಛಡಿ ಏಟಿನ ಶಿಕ್ಷೆಯಾದರೆ ಸಾಕ್ಷ್ಯದ ಸಾರ, ಕೈದಿಯ ಸಮರ್ಥನೆ, ತೀರ್ಮಾನಕ್ಕೆ ಕಾರಣ ಇಷ್ಟನ್ನೂ ಬರೆಯಬೇಕೆಂದು 1894ರ ಬ್ರಿಟಿಷ್ ಕಾಲದ ಜೈಲು ಕಾಯಿದೆಯೇ ಹೇಳಿತ್ತು. ಕೈದಿಗೆ ಗೋಣಿ ಬಟ್ಟೆ ತೊಡಿಸಲು, ಛಡಿ ಏಟು ಹಾಕಿಸಲು ಅನುಮತಿ ಕೊಟ್ಟಿದ್ದ ಕಾಯಿದೆಗೂ ಅಷ್ಟು ಸಂಕೋಚವಿತ್ತು! ಈ ಪುಟದಲ್ಲಿ ಸಮರ್ಥನೆಯ ಜಾಗದಲ್ಲಿ ಇದ್ದದ್ದು ಒಂದೇ ಪದ: "ಒಪ್ಪಿಕೊಂಡಿದ್ದಾನೆ."

ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ, ಅಸಲು ಪುಸ್ತಕವನ್ನೇ ತರಿಸಬೇಕೆಂದು ಕೋರಿದೆ. ಪೀಠದ ಮುಂದೆ ಅದು ತೆರೆದಾಗ, ಅವನ ನಮೂದಿನ ಮೇಲಿನ ಮೂವರು ಕೈದಿಗಳೂ ಕೆಳಗಿನ ಇಬ್ಬರೂ ಅದೇ ಕೈಬರಹದಲ್ಲಿ, ಅದೇ ಪದದಲ್ಲಿ ಒಪ್ಪಿಕೊಂಡಿದ್ದರು. ನಾನು ಹೆಚ್ಚು ಮಾತನಾಡಲಿಲ್ಲ. ಪತ್ರ ಕಳಿಸಿದ್ದೇ ಸಾಕಲ್ಲವೇ ಎಂದು ಸರ್ಕಾರಿ ವಕೀಲರು ವಾದಿಸಿದರು. ತಿಳಿಸುವುದು ಬೇರೆ, ಪರಿಶೀಲಿಸುವುದು ಬೇರೆ ಎಂದು ಪೀಠ ಹೇಳಿ, ಶಿಕ್ಷೆಯನ್ನು ರದ್ದುಪಡಿಸಿ, ಹೊಸದಾಗಿ ವಿಚಾರಣೆ ನಡೆಸುವ ಸ್ವಾತಂತ್ರ್ಯವನ್ನು ಜೈಲಿಗೆ ಬಿಟ್ಟಿತು. ಅವರು ನಡೆಸಲಿಲ್ಲ. 90 ದಿನ ಮರಳಿ ಬಂದವು. ಒಂಟಿ ಕೋಣೆಯ 10 ದಿನಗಳು ಎಂದೋ ಮುಗಿದಿದ್ದವು. ಅದಕ್ಕೆ ಪರಿಹಾರ ಕೇಳಿದ್ದೆ, ಸಿಗಲಿಲ್ಲ.

ಕೆಲಸ ಮುಗಿಯಿತೆಂದುಕೊಂಡದ್ದು ನನ್ನ ಇನ್ನೊಂದು ತಪ್ಪು. ಎರಡು ತಿಂಗಳ ನಂತರ ಅವನ ಪೆರೋಲ್ ಅರ್ಜಿ ತಿರಸ್ಕೃತವಾಯಿತು. ಕಾರಣ: ಮೊಬೈಲ್ ಹೊಂದಿದ್ದಕ್ಕೆ ಶಿಕ್ಷೆ. ಆದೇಶ ಕಡತ ಸೇರಿತ್ತು, ಹಿಸ್ಟರಿ ಟಿಕೆಟ್ಟಿಗೆ ಹೋಗಿರಲಿಲ್ಲ. ದೃಢೀಕೃತ ಪ್ರತಿ ಹಿಡಿದು ನಾನೇ ಹೋದೆ. ಗುಮಾಸ್ತರು ಹಳೆಯ ನಮೂದಿಗೆ ಅಡ್ಡ ಗೆರೆ ಎಳೆದು, ಆದೇಶದ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯುವವರೆಗೂ ಎದುರಿನ ಬೆಂಚಿನಲ್ಲಿ ಕುಳಿತಿದ್ದೆ. ಈಗ ಆದೇಶ ಕೈಸೇರಿದ ವಾರವೇ ಟಿಕೆಟ್ಟಿನ ನಕಲಿಗೆ ಮತ್ತೊಂದು ಅರ್ಜಿ ಹಾಕುತ್ತೇನೆ.