ತೆತ್ ಅಂದರೆ ಹಬ್ಬ, ಗೆಣ್ಣೂ ಹೌದು

ವಿಯೆಟ್ನಾಮಿನ ಸೈಗಾನ್‌ಗೆ ಹೊಸದಾಗಿ ಬಂದವರಿಗೆ ಜನವರಿ ಹೊತ್ತಿಗೆ ಎಲ್ಲಿ ಹೋದರೂ ಒಂದೇ ಉತ್ತರ: "ತೆತ್ ಆಗಲಿ, ಆಮೇಲೆ ನೋಡೋಣ." ನಲ್ಲಿ ರಿಪೇರಿಗೂ ಅದೇ, ಆಫೀಸಿನ ಫೈಲಿಗೂ ಅದೇ. ಅಂದಹಾಗೆ ಇಂಗ್ಲಿಷ್ ಅಕ್ಷರ ನೋಡಿ ‘ಟೆಟ್’ ಎನ್ನಬೇಡಿ, ಅದು ನಮ್ಮೂರಿನ ಮೇಷ್ಟ್ರುಗಳ ಪರೀಕ್ಷೆ! ನಾಲಗೆ ಹಲ್ಲಿಗೆ ತಾಗಲಿ, ದನಿ ಮೇಲಕ್ಕೇರಲಿ, ಕೊನೆಯ ‘ತ್’ ಬಾಯೊಳಗೇ ಉಳಿಯಲಿ.

ಚೀನೀ ಮೂಲದ ‘ತಿಯೆತ್’ ಎಂಬ ಪದ ಜನರ ಬಾಯಲ್ಲಿ ತೆತ್ ಆಗಿದೆ. ಅದರ ಹಳೆಯ ಅರ್ಥ ಬಿದಿರಿನ ಗೆಣ್ಣು. ಬಿದಿರಿಗಿದ್ದ ಹಾಗೆ ವರ್ಷಕ್ಕೂ ಗೆಣ್ಣುಗಳಿವೆ, ಒಂದು ಕಾಲ ಮುಗಿದು ಇನ್ನೊಂದು ಚಿಗುರುವ ಜಾಗ. ನಮ್ಮ ‘ಹಬ್ಬ’ದ ಕಥೆಯೂ ಇದೇ ಅಲ್ವಾ! ಅದು ‘ಪರ್ವ’ದ ತದ್ಭವ, ಪರ್ವ ಅಂದರೂ ಗೆಣ್ಣೇ. ಮಂಗಳೂರು ಕಡೆಯವರು ಇವತ್ತಿಗೂ ‘ಪರ್ಬ’ ಅನ್ನುತ್ತಾರೆ.

ಹಾಗಾಗಿ ತೆತ್ ಒಂದೇ ಅಲ್ಲ. ಎಂಟನೇ ತಿಂಗಳ ಹುಣ್ಣಿಮೆಗೆ ಮಕ್ಕಳು ಲಾಟೀನು ಹಿಡಿದು ಓಡಾಡುವುದೂ ಒಂದು ತೆತ್. ಆದರೆ ಸುಮ್ನೆ ‘ತೆತ್’ ಅಂದರೆ ಹೊಸ ವರ್ಷ. ಚಂದ್ರನ ಲೆಕ್ಕದ್ದು, ಯುಗಾದಿಗಿಂತ ಒಂದೆರಡು ತಿಂಗಳು ಮುಂಚೆ ಬರುತ್ತದೆ. 2026ರಲ್ಲಿ ಫೆಬ್ರವರಿ 17ಕ್ಕೆ ಬಂತು.

ಆಗ ಊರಿಗೆ ಊರೇ ಹಳ್ಳಿಗೆ ಹೊರಡುತ್ತದೆ. ರೈಲು, ಬಸ್ ಟಿಕೆಟ್ ತಿಂಗಳುಗಟ್ಟಲೆ ಮುಂಚೆ ನೋಡಿಕೊಳ್ಳಿ. ಹಿಂದಿನ ದಿನ ಮಧ್ಯಾಹ್ನಕ್ಕೇ ಸಂತೆ ಖಾಲಿಯಾಗಬಹುದು. ಅಕ್ಕಿ, ಬೇಳೆ, ತರಕಾರಿ, ಮಕ್ಕಳ ಔಷಧಿ ಮೊದಲೇ ತಂದಿಡಿ.

ಮೊದಲ ದಿನ ಕರೆಯದೆ ಯಾರ ಮನೆಗೂ ಹೋಗಬೇಡಿ. ನಾವು ಕಾಲ್ಗುಣ ಅನ್ನುತ್ತೇವಲ್ಲ, ಇಲ್ಲಿ ಅದನ್ನು ಜಾಸ್ತಿಯೇ ನಂಬುತ್ತಾರೆ. ಮೊದಲು ಹೊಸಿಲು ದಾಟಿದವರಿಂದ ಇಡೀ ವರ್ಷದ ಅದೃಷ್ಟ. ಅವತ್ತು ಕಸವನ್ನೂ ಗುಡಿಸುವುದಿಲ್ಲ, ಲಕ್ಷ್ಮಿ ಹೊರಗೆ ಹೋದಂತೆ ಅಂತ. ಅಕ್ಕಪಕ್ಕದ ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ‘ಲೀಸೀ’ ಕೊಡಿ. ಮೊತ್ತ ಚಿಕ್ಕದಿದ್ದರೂ ಪರವಾಗಿಲ್ಲ, ನೋಟು ಮಾತ್ರ ಗರಿಗರಿಯಾಗಿರಬೇಕು.

ಇಲ್ಲಿಯವರು ಹಬ್ಬ ಮಾಡುವುದಿಲ್ಲ, ‘ಆನ್ ತೆತ್’, ಅಂದರೆ ತೆತ್ ತಿನ್ನುತ್ತಾರೆ! ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ‘ಬಾನ್ ತೆತ್’ ಖಂಡಿತ ನಿಮ್ಮ ಮನೆಗೂ ಬರುತ್ತದೆ. ಒಳಗೆ ಹೆಸರುಬೇಳೆ ಜೊತೆ ಹಂದಿಮಾಂಸ ಇರುವುದೇ ಹೆಚ್ಚು. ಸಸ್ಯಾಹಾರಿಗಳು ‘ಚಾಯ್’, ಅಂದರೆ ಮಾಂಸವಿಲ್ಲದ್ದು, ಎಂದು ಕೇಳಿ ತರಿಸಿ. ಎರಡನೇ ದಿನಕ್ಕೆ ಉಳಿದರೆ ಬಿಲ್ಲೆ ಬಿಲ್ಲೆ ಕತ್ತರಿಸಿ ಎಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಊರಿಂದ ತಂದ ಮಾವಿನ ಉಪ್ಪಿನಕಾಯಿ ಇದ್ದರೆ ಇನ್ನೇನೂ ಬೇಡ.