ಗ್ಲಾಸ್ ಆರ್ಮೋನಿಕಾ ನುಡಿಸುವವರನ್ನು ಹುಡುಕುವುದು ಹೇಗೆ?

ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚು ಸವರಿದರೆ ಸಣ್ಣಗೆ ಒಂದು ನಾದ ಬರುತ್ತದೆ ಅಲ್ವಾ? ಅದನ್ನೇ ಹಿಡಿದು ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ಪೂರ್ತಿ ಒಂದು ವಾದ್ಯ ಮಾಡಿದರು. ಗಾಜಿನ ಬಟ್ಟಲುಗಳನ್ನು ಒಂದರೊಳಗೊಂದು ಕೂರಿಸಿ ಅಡ್ಡ ಕಂಬಿಗೆ ಪೋಣಿಸಿದರು. ಕಾಲಲ್ಲಿ ಪೆಡಲ್ ತುಳಿದರೆ ಬಟ್ಟಲುಗಳು ತಿರುಗುತ್ತವೆ, ಒದ್ದೆ ಬೆರಳು ತಾಗಿಸಿದರೆ ನುಡಿಯುತ್ತವೆ. ಇದೇ ಗ್ಲಾಸ್ ಆರ್ಮೋನಿಕಾ. ನುಡಿಸುವವರು ತುಂಬಾ ಕಡಿಮೆ, ಆದರೆ ಇದ್ದಾರೆ.

ಸುಮ್ನೆ ಹಾರ್ಮೋನಿಕಾ ಅಂತ ಹುಡುಕಬೇಡಿ, ಮೌತ್ ಆರ್ಗನ್‌ಗಳೇ ರಾಶಿ ಬಂದು ಬೀಳುತ್ತವೆ. ಫ್ರಾಂಕ್ಲಿನ್ ಇಟ್ಟ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ಎಚ್ ಇಲ್ಲ, ಹಾಗೇ ಟೈಪ್ ಮಾಡಿ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ವಾದ್ಯದ ಹೆಸರು ಬಿಟ್ಟು ಕೃತಿಯ ಹೆಸರು ಹಿಡಿದು ಹೋಗುವುದು.

ಮೊಜಾರ್ಟ್‌ನಿಂದ ಶುರು ಮಾಡಿ. ಮರಿಯಾನೆ ಕಿರ್ಶ್‌ಗೆಸ್ನರ್ ಅನ್ನುವ ಕಣ್ಣು ಕಾಣದ ಕಲಾವಿದೆಗಾಗಿ ಅವರು 1791ರಲ್ಲಿ ಅಡಾಜಿಯೋ ಮತ್ತು ರಾಂಡೋ ಬರೆದರು. ಕೃತಿಯ ಸಂಖ್ಯೆ ಕೆ. 617. ಈ ಸಂಖ್ಯೆ ಹಾಕಿ ಹುಡುಕಿದರೆ ಬೇರೆ ಬೇರೆಯವರು ನುಡಿಸಿದ ರೆಕಾರ್ಡಿಂಗ್‌ಗಳು ಸಿಗುತ್ತವೆ. ಜೊತೆಗೆ ಕೊಳಲು, ಓಬೋ, ವಯೋಲಾ, ಚೆಲ್ಲೋ ಇರುತ್ತವೆ, ಹಾಗಾಗಿ ಹೆಸರುಗಳ ಪಟ್ಟಿ ಉದ್ದ ಇರುತ್ತದೆ. ಅದರಲ್ಲಿ ಗ್ಲಾಸ್ ಆರ್ಮೋನಿಕಾದ ಮುಂದೆ ಯಾರ ಹೆಸರಿದೆ ನೋಡಿ, ಬರೆದಿಟ್ಟುಕೊಳ್ಳಿ.

ಆಮೇಲೆ ಇಟಲಿಯ ಸಂಗೀತ ರಚನೆಕಾರ ಡೋನಿಜೆಟ್ಟಿಯ ಒಪೆರಾ ಲೂಚಿಯಾ ದಿ ಲಾಮರ್‌ಮೂರ್, 1835ರದ್ದು. ಅದರಲ್ಲಿ ಲೂಚಿಯಾಗೆ ಬುದ್ಧಿ ಕದಡಿದ ದೃಶ್ಯಕ್ಕೆ ಅವರು ಮೊದಲು ಬರೆದದ್ದು ಗಾಜಿನ ನಾದವನ್ನೇ. ಕೊನೆಗೆ ಆ ಜಾಗಕ್ಕೆ ಕೊಳಲು ಬಂತು, ಬಹಳ ಕಾಲ ಕೊಳಲೇ ಉಳಿಯಿತು. ಬೆವರ್ಲಿ ಸಿಲ್ಸ್ ಹಾಡಿರುವ 1970ರ ರೆಕಾರ್ಡಿಂಗ್‌ನಲ್ಲಿ ಗಾಜು ಮತ್ತೆ ಕೇಳಿಸುತ್ತದೆ, ನುಡಿಸಿದವರು ಬ್ರೂನೋ ಹಾಫ್‌ಮನ್. ಕೊಳಲಿನದ್ದನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ. ಕೊಳಲು ಅವಳಿಗೆ ಉತ್ತರ ಕೊಟ್ಟ ಹಾಗಿರುತ್ತದೆ. ಗಾಜು ಅವಳ ತಲೆಯೊಳಗಿಂದಲೇ ಬಂದ ಹಾಗೆ. ನನಗಂತೂ ಗಾಜಿಲ್ಲದ ಆ ದೃಶ್ಯ ಈಗ ಅರ್ಧ ಅನ್ನಿಸುತ್ತದೆ.

ಒಂದು ಹೆಸರು ಸಿಕ್ಕರೆ ಅಲ್ಲಿಂದ ಕವಲು ಒಡೆಯುತ್ತದೆ. ಹಾಫ್‌ಮನ್ ಹೆಸರಾದದ್ದು ಗ್ಲಾಸ್ ಹಾರ್ಪ್‌ನಿಂದ, ಅಂದರೆ ಸಾಲಾಗಿ ನಿಲ್ಲಿಸಿದ ಗ್ಲಾಸುಗಳು. ಅದೇ ದಾರಿಯಲ್ಲಿ ಪೋಲೆಂಡಿನ ಗ್ಲಾಸ್‌ಡ್ಯುಯೋ ಸಿಗುತ್ತದೆ. ಹೊಸ ಸಂಗೀತ ಬೇಕಾದರೆ ಯೋರ್ಗ್ ವಿಡ್‌ಮನ್ ಅನ್ನುವ ಸಂಗೀತ ರಚನೆಕಾರರ ‘ಆರ್ಮೋನಿಕಾ’ ಅನ್ನುವ ಕೃತಿ ಹುಡುಕಿ. ಅಲ್ಲಿಂದ ಈ ವಾದ್ಯ ನುಡಿಸುವ ಆಸ್ಟ್ರಿಯಾದ ಕ್ರಿಸ್ಟಾ ಶೋನ್‌ಫೆಲ್ಡಿಂಗರ್ ಹತ್ತಿರ ಹೋಗಬಹುದು. ಫ್ರಾನ್ಸಿನ ಥಾಮಸ್ ಬ್ಲಾಕ್ ಸಿಕ್ಕರೆ ಬಿಡಬೇಡಿ, ಅವರು ಕ್ರಿಸ್ಟಲ್ ಬಾಶೆಯನ್ನೂ ನುಡಿಸುತ್ತಾರೆ. ಅದರಲ್ಲಿ ಬಟ್ಟಲಿಲ್ಲ, ಗಾಜಿನ ಕಡ್ಡಿಗಳನ್ನು ಒದ್ದೆ ಬೆರಳಿಂದ ಸವರುವುದು. ಜರ್ಮನಿಯ ಸಾಶಾ ರೆಕರ್ಟ್ ಮಾಡಿದ ವೆರೋಫೋನ್‌ನಲ್ಲಿ ನೆಟ್ಟಗೆ ನಿಂತ ಗಾಜಿನ ಕೊಳವೆಗಳಿರುತ್ತವೆ.

ಕೇಳುತ್ತಿರುವುದು ನಿಜವಾದ ಗಾಜೋ, ಕೀಬೋರ್ಡಿನ ಸದ್ದೋ ಅಂತ ಅನುಮಾನ ಬಂದರೆ ಹೆಡ್‌ಫೋನ್ ಹಾಕಿಕೊಂಡು ಪ್ರತಿ ಸ್ವರದ ಆರಂಭವನ್ನು ಗಮನಿಸಿ. ಗಾಜು ಠಣ್ ಅಂತ ಶುರುವಾಗುವುದಿಲ್ಲ. ಮೊದಲು ಚರ್ಮ ತಿಕ್ಕಿದ ಸಣ್ಣ ಸರಸರ, ಆಮೇಲೆ ನಾದ ಮೆಲ್ಲಗೆ ಉಬ್ಬುತ್ತದೆ. ಕೆಲವು ಸಲ ಬೆರಳು ಸರಿಯಾಗಿ ಹಿಡಿಯದೆ ಸ್ವರ ಒಂದು ಕ್ಷಣ ತಡವಾಗುತ್ತದೆ. ಎಲ್ಲಾ ಸ್ವರವೂ ಒಂದೇ ಅಚ್ಚಿನ ಹಾಗಿದ್ದರೆ ಅದು ಕೀಬೋರ್ಡ್ ಇರುವ ಸಾಧ್ಯತೆ ಜಾಸ್ತಿ.

ವೀಡಿಯೋ ಆದರೆ ಮುಖ ಬಿಟ್ಟು ಕೈ ನೋಡಿ. ಬೆರಳು ನೀರಿಗೆ ಅದ್ದುವುದು ಕಾಣಿಸುತ್ತದೆ. ಕೆಲವು ವಾದ್ಯಗಳಲ್ಲಿ ಬಟ್ಟಲಿನ ಅಂಚಿಗೆ ಚಿನ್ನದ ಪಟ್ಟಿ ಇರುತ್ತದೆ, ಪಿಯಾನೋದಲ್ಲಿ ಕಪ್ಪು ಮನೆಗಳಿದ್ದ ಹಾಗೆ ಅದು ಗುರುತು. ನೇರ ಕಚೇರಿ ಸಿಕ್ಕರೆ ಮುಂದಿನ ಸಾಲಿನ ಟಿಕೆಟ್ಟೇ ತಗೊಳ್ಳಿ, ಈ ವಾದ್ಯದ ದನಿ ಬಹಳ ಮೆತ್ತಗೆ.